ಆತಂಕಕ್ಕೆ ಮನೋಚಿಕಿತ್ಸೆ: ಮೊದಲ ಭೇಟಿಯಿಂದ ಕೊನೆಯ ಭೇಟಿಯವರೆಗೆ

ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ತೊಳಸಿದಂತಾಗುತ್ತದೆ. ಕೋಲಾರದ ಕಡೆ ಇದನ್ನು ಒಬ್ಬರು ಗ್ಯಾಸ್ ಎನ್ನುತ್ತಾರೆ, ಇನ್ನೊಬ್ಬರು ಬಿಪಿ ಎನ್ನುತ್ತಾರೆ. ಹಿರಿಯರು ದಿಗಿಲು ಬಿದ್ದಿದೆ ಎಂದು ಯಂತ್ರ ಕಟ್ಟಿಸುವುದೂ ಉಂಟು. ಮಂಡಿಯಲ್ಲಿ ಟೊಮೆಟೊ ಬೆಲೆ ಕುಸಿದ ರಾತ್ರಿ ರೈತನಿಗೆ ನಿದ್ದೆ ಬಾರದಿರುವುದು ಕಾಯಿಲೆಯಲ್ಲ. ಆದರೆ ಬೆಳೆ ಮಾರಿ, ಸಾಲ ತೀರಿದ ಮೇಲೂ ಅದೇ ಕಳವಳ ತಿಂಗಳುಗಟ್ಟಲೆ ಉಳಿದು, ಊಟ, ನಿದ್ದೆ, ದುಡಿಮೆಗಳನ್ನು ಕೆಡಿಸತೊಡಗಿದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ.

ಮೊದಲು ದೇಹದ ತಪಾಸಣೆ ಮಾಡಿಸಿಕೊಳ್ಳಬೇಕು. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತಹೀನತೆ, ಹೃದಯ ಬಡಿತದ ಏರುಪೇರು ಇವೆಲ್ಲವೂ ಗಾಬರಿಯಂತೆಯೇ ಕಾಣಿಸಿಕೊಳ್ಳಬಲ್ಲವು. ಎದೆನೋವು ಮೊದಲ ಬಾರಿ ಬಂದಾಗ ಅದು ಬರೀ ಟೆನ್ಷನ್ ಎಂದು ಮನೆಯಲ್ಲೇ ತೀರ್ಮಾನಿಸಬಾರದು. ಕೂಡಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ದೇಹದಲ್ಲಿ ದೋಷವಿಲ್ಲ ಎಂದು ವೈದ್ಯರು ಹೇಳಿದ ಮೇಲೂ ತೊಂದರೆ ಮುಂದುವರಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡಿದೆ; ಹೊರಡುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಅಕ್ಟೋಬರ್ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಭಯವನ್ನು ಮನೆಮಾತಿನಲ್ಲಿ ಹೇಳಿಕೊಳ್ಳುವುದೇ ಸುಲಭವಾದ್ದರಿಂದ, ಆ ಭಾಷೆ ಬಲ್ಲ ಚಿಕಿತ್ಸಕರು ಇದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಮೊದಲ ಒಂದೆರಡು ಭೇಟಿಗಳು ಕೇಳುವುದರಲ್ಲೇ ಕಳೆಯುತ್ತವೆ. ಗಾಬರಿ ಯಾವಾಗ ಶುರುವಾಯಿತು, ಎಲ್ಲಿ ಹೆಚ್ಚುತ್ತದೆ, ಅದು ಬಂದಾಗ ನೀವೇನು ಮಾಡುತ್ತೀರಿ, ಕಾಫಿ, ಬೀಡಿ, ಮದ್ಯ ಎಷ್ಟು ಎಂದೆಲ್ಲ ಕೇಳುತ್ತಾರೆ. ಇಲ್ಲಿ ಏನನ್ನೂ ಮುಚ್ಚಿಡಬೇಕಾಗಿಲ್ಲ. ನಿಮ್ಮ ವಿವರಗಳನ್ನು ಗುಟ್ಟಾಗಿಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಜೀವಕ್ಕೆ ಅಪಾಯವಿರುವಂತಹ ಕೆಲವೇ ಸಂದರ್ಭಗಳು ಅದಕ್ಕೆ ಹೊರತು.

ಮನೋಚಿಕಿತ್ಸೆ ಎಂದರೆ ಬುದ್ಧಿಮಾತು ಎಂದು ತಿಳಿದು ಹೋಗುವವರು ನಿರಾಶರಾಗುತ್ತಾರೆ. ‘ಧೈರ್ಯ ತಗೊಳ್ಳಮ್ಮ, ಏನೂ ಆಗಲ್ಲ’ ಎಂದು ಮನೆಯವರು ನೂರು ಸಲ ಹೇಳಿಯಾಗಿರುತ್ತದೆ. ಚಿಕಿತ್ಸಕರ ಕೆಲಸ ಬೇರೆ. ಗಾಬರಿ ಹೇಗೆ ಬೆಳೆಯುತ್ತದೆ ಎಂಬುದನ್ನು ನಿಮ್ಮದೇ ದಿನಚರಿಯಲ್ಲಿ ತೋರಿಸಿಕೊಡುವುದು. ಕೋಲಾರದ ಮಹಿಳೆಯೊಬ್ಬರು ಬೆಂಗಳೂರಿನ ಬಸ್ಸಿನಲ್ಲಿ ಉಸಿರು ಕಟ್ಟಿದಂತಾಗಿ ಹೊಸಕೋಟೆಯಲ್ಲೇ ಇಳಿದುಬಿಟ್ಟರು ಎಂದಿಟ್ಟುಕೊಳ್ಳೋಣ. ಇಳಿದ ಕೂಡಲೇ ಹಾಯೆನಿಸಿತು. ತೊಡಕು ಇರುವುದು ಆ ಹಾಯೆನಿಸಿದ್ದರಲ್ಲೇ: ಇಳಿದದ್ದರಿಂದಲೇ ಉಳಿದೆ ಎಂದು ಮನಸ್ಸು ಪಾಠ ಕಲಿತುಬಿಡುತ್ತದೆ. ಮುಂದಿನ ಸಲ ಅವರು ಬಸ್ಸು ಹತ್ತುವುದಿಲ್ಲ, ಆಮೇಲೆ ಬಸ್ ನಿಲ್ದಾಣದ ಕಡೆಗೇ ಹೋಗುವುದಿಲ್ಲ, ಕಡೆಗೆ ಅಂಗಡಿ ಬೀದಿಗೂ ಮಗನೇ ಹೋಗಿಬರಬೇಕಾಗುತ್ತದೆ.

ಹೀಗಾಗಿ ಒಂದು ನೋಟ್‌ಬುಕ್ ಕೊಂಡುಕೊಳ್ಳಲು ಹೇಳುತ್ತಾರೆ. ಪುಟದ ಒಂದು ಕಡೆ ಏನಾಯಿತು, ಮಧ್ಯದಲ್ಲಿ ಆ ಕ್ಷಣ ಏನನ್ನಿಸಿತು, ಪಕ್ಕದಲ್ಲಿ ಗಾಬರಿಗೆ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ. ‘ಬಸ್ಸು ಹೊರಟಿತು, ಹಾರ್ಟ್ ಅಟ್ಯಾಕ್ ಆಗಿ ಸತ್ತೇ ಹೋಗುತ್ತೇನೆ ಅನ್ನಿಸಿತು, 90.’ ಇಂತಹ ನಾಲ್ಕು ಸಾಲು ಸೇರಿದ ಮೇಲೆ ಚಿಕಿತ್ಸಕರು ಕೇಳುತ್ತಾರೆ: ಹೀಗೆ ಎಷ್ಟು ಸಲ ಅನ್ನಿಸಿದೆ, ಅಷ್ಟೂ ಸಲ ಏನಾಯಿತು? ಉತ್ತರವನ್ನು ಅವರು ಹೇಳುವುದಿಲ್ಲ, ನೀವೇ ಬರೆಯಬೇಕು. ಯೋಚನೆ, ದೇಹ, ನಡವಳಿಕೆ ಮೂರರ ನಂಟನ್ನು ಬಿಡಿಸುವ ಈ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದರು. ಆತಂಕಕ್ಕೆ ಹೆಚ್ಚು ಪರೀಕ್ಷೆಗೊಳಗಾಗಿರುವ ಮಾತಿನ ಚಿಕಿತ್ಸೆಯೂ ಇದೇ.

ನಂತರದ್ದು ಏಣಿ ಕಟ್ಟುವ ಕೆಲಸ. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ಜೀವಾಳ ಇದು. ಆ ಮಹಿಳೆಯ ಏಣಿಯ ಕೆಳಗಿನ ಮೆಟ್ಟಿಲು, ಕೋಲಾರ ಬಸ್ ನಿಲ್ದಾಣದಲ್ಲಿ ಹತ್ತಾರು ನಿಮಿಷ ಸುಮ್ಮನೆ ನಿಲ್ಲುವುದು. ಅದರ ಮೇಲಿನದು ಮಗನ ಜೊತೆ ನರಸಾಪುರದವರೆಗೆ ಪ್ರಯಾಣ, ಆಮೇಲೆ ಒಬ್ಬರೇ ನರಸಾಪುರಕ್ಕೆ, ಮತ್ತೆ ಹೊಸಕೋಟೆಗೆ, ಕೊನೆಗೆ ಮೆಜೆಸ್ಟಿಕ್ಕಿಗೆ. ನಿಯಮ ಒಂದೇ: ಗಾಬರಿ ಏರಿದಾಗ ಇಳಿಯಬಾರದು, ಅದು ತಾನಾಗಿ ಇಳಿಯುವವರೆಗೆ ಕೂತಿರಬೇಕು. ವಿಪರೀತ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಗ್ಗತೊಡಗುತ್ತದೆ; ಇದನ್ನು ಓದಿ ತಿಳಿಯುವುದಕ್ಕೂ ಬಸ್ಸಿನ ಸೀಟಿನಲ್ಲಿ ಕೂತು ಅನುಭವಿಸುವುದಕ್ಕೂ ಬಹಳ ಅಂತರವಿದೆ. ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಬೇಕು. ಬಾಗಿಲ ಪಕ್ಕದ ಸೀಟೇ ಆಗಬೇಕು, ಪರ್ಸಿನಲ್ಲಿ ಮಾತ್ರೆ ಇರಲೇಬೇಕು, ಮಗನ ನಂಬರ್ ತೆರೆದಿಟ್ಟ ಮೊಬೈಲ್ ಕೈಯಲ್ಲಿರಬೇಕು ಎಂಬ ಊರುಗೋಲುಗಳನ್ನೂ ಒಂದೊಂದಾಗಿ ಬಿಡಿಸುತ್ತಾರೆ, ಏಕೆಂದರೆ ಅವು ಇರುವವರೆಗೂ ಉಳಿದದ್ದು ಅವುಗಳಿಂದಲೇ ಎಂದು ಮನಸ್ಸು ನಂಬುತ್ತದೆ.

ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವ ಅಭ್ಯಾಸವನ್ನೂ ಕಲಿಸುತ್ತಾರೆ. ಇದನ್ನು ದಿನವೂ ಮನೆಯಲ್ಲಿ ಮಾಡಿ ರೂಢಿಸಿಕೊಳ್ಳಬೇಕು.

ಕೆಲವರಿಗೆ ಔಷಧವೂ ಬೇಕಾಗುತ್ತದೆ. ಖಿನ್ನತೆಗೂ ಆತಂಕಕ್ಕೂ ಕೊಡುವ ಮಾತ್ರೆಗಳು ಗುಣ ತೋರಿಸಲು ಕೆಲವು ವಾರ ಹಿಡಿಯುತ್ತವೆ. ಅವುಗಳನ್ನು ತಾವಾಗಿ ನಿಲ್ಲಿಸಬಾರದು. ತಕ್ಷಣ ನೆಮ್ಮದಿ ಕೊಡುವ ನಿದ್ದೆ ಮಾತ್ರೆಯಂಥವು ಅಭ್ಯಾಸವಾಗಿಬಿಡಬಲ್ಲವು. ಪರಿಚಯದ ಮೆಡಿಕಲ್ ಶಾಪಿನವರು ಹಳೆಯ ಚೀಟಿ ನೋಡಿ ಕೊಡುತ್ತಾರೆಂದು ಅವನ್ನು ನುಂಗುತ್ತಾ ಹೋಗುವುದು ಅಪಾಯ.

ಮನೆಯವರನ್ನೂ ಒಂದು ಭೇಟಿಗೆ ಕರೆಯುವುದುಂಟು. ಅಮ್ಮನ ಬದಲು ಎಲ್ಲ ಕೆಲಸಕ್ಕೂ ತಾನೇ ಓಡುವ ಮಗ ಪ್ರೀತಿಯಿಂದಲೇ ಹಾಗೆ ಮಾಡುತ್ತಿರುತ್ತಾನೆ. ಆ ಪ್ರೀತಿ ಭಯಕ್ಕೆ ಗೊಬ್ಬರವಾಗುತ್ತಿದೆ ಎಂದು ಅವನಿಗೆ ನೋಯದಂತೆ ತಿಳಿಸಬೇಕಾಗುತ್ತದೆ. ಬಸ್ ನಿಲ್ದಾಣದವರೆಗೆ ಜೊತೆಗೆ ಬಂದು, ಅಲ್ಲಿಂದ ಹಿಂದಿರುಗುವುದನ್ನು ಅವನೂ ಕಲಿಯಬೇಕು.

ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿಗಳು ಬೇಕಾಗುತ್ತವೆ. ಮೊದಮೊದಲು ಗಾಬರಿ ಹೆಚ್ಚಾದಂತೆ ಅನ್ನಿಸಿ ಬಿಟ್ಟುಬಿಡುವವರಿದ್ದಾರೆ. ಆ ಮಾತನ್ನು ಚಿಕಿತ್ಸಕರಿಗೇ ಹೇಳಿದರೆ ಏಣಿಗೆ ನಡುವೆ ಇನ್ನೊಂದು ಸಣ್ಣ ಮೆಟ್ಟಿಲು ಸೇರಿಸುತ್ತಾರೆ. ಕೊನೆಯ ಭೇಟಿಯಲ್ಲಿ ನೋಟ್‌ಬುಕ್ಕಿನ ಒಂದು ಪುಟದಲ್ಲಿ, ಭಯ ಮರಳುತ್ತಿರುವುದರ ಗುರುತುಗಳೇನು, ಆಗ ಯಾವ ಮೆಟ್ಟಿಲಿನಿಂದ ಮತ್ತೆ ಆರಂಭಿಸಬೇಕು ಎಂದು ಬರೆಸುತ್ತಾರೆ. ಆ ಮಹಿಳೆಯ ಪುಟದಲ್ಲಿ ಮೊದಲ ಗುರುತು ಹೀಗಿರಬಹುದು: ‘ಅಂಗಡಿಗೆ ಹೋಗಿ ಬಾ ಎಂದು ಮಗನಿಗೆ ವಾರದಲ್ಲಿ ಎರಡು ಸಲ ಹೇಳಿದರೆ, ಮರುದಿನವೇ ನರಸಾಪುರಕ್ಕೆ ಹೋಗಿ ಬರುವುದು.’