ಝೆರೆಷ್ಕ್ ತಂದಿರಾ? ಉರಿ ಸಣ್ಣಗಿರಲಿ

ಝೆರೆಷ್ಕ್ ಎಂದರೆ ಇರಾನಿನ ಒಣ ಬಾರ್ಬೆರಿ ಹಣ್ಣು. ಅದನ್ನು ತರಲು ಹೋದಾಗ ಮುಂಬೈಯ ಕ್ರಾಫರ್ಡ್ ಮಾರ್ಕೆಟ್ಟಿನ ಡ್ರೈಫ್ರೂಟ್ ಅಂಗಡಿಯಲ್ಲಿ ‘ಬೆರಿ’ ಎಂದಷ್ಟೇ ಕೇಳಬೇಡಿ ಮಕ್ಕಳೇ, ಒಣ ಕ್ರ್ಯಾನ್‌ಬೆರಿ ಕಟ್ಟಿಕೊಡುತ್ತಾರೆ. ಅದು ದಪ್ಪ, ಸಕ್ಕರೆ ಬೆರೆತದ್ದು, ಅಂಟಂಟು. ಝೆರೆಷ್ಕ್ ಎಂದೇ ಕೇಳಿ. ಇದು ಒಣದ್ರಾಕ್ಷಿಗಿಂತ ಸಣ್ಣದು, ನೀಳ, ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವ ಹುಳಿ. ಇರಾನಿನ ದಕ್ಷಿಣ ಖೊರಾಸಾನಿನಲ್ಲಿ ಕಾಯೆನ್, ಬಿರ್ಜಂದ್ ಕಡೆ ಬೆಳೆಯುವ ಮುಳ್ಳುಪೊದೆಯ ಹಣ್ಣು. ಅಲ್ಲಿಯವರು ಶರತ್ಕಾಲದಲ್ಲಿ ಗೊಂಚಲು ತುಂಬಿದ ಕೊಂಬೆಯನ್ನೇ ಕಡಿದು ನೆರಳಿನಲ್ಲಿ ಒಣಗಿಸುವುದುಂಟು. ಹಾಗೆ ಒಣಗಿದ್ದು ಉಬ್ಬಿಕೊಂಡು ಒಳ್ಳೆಯ ಕೆಂಪಾಗಿರುತ್ತದೆ. ಆ ಕೆಂಪನ್ನೇ ನೋಡಿ ತನ್ನಿ, ಕಪ್ಪಿಟ್ಟದ್ದು ಹಳೆಯದು. ತಂದ ದಿನವೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ. ಮುಂಬೈ ಮಳೆಗಾಲದಲ್ಲಿ ಹೊರಗಿಟ್ಟರೆ ತೇವ ಹಿಡಿಯುತ್ತದೆ.

ಈ ಊರಿಗೆ ಇದರ ರುಚಿ ಹತ್ತಿಸಿದವರು ಇರಾನಿಗಳು, ಪಾರ್ಸಿಗಳು. ಬಲ್ಲಾರ್ಡ್ ಎಸ್ಟೇಟಿನಲ್ಲಿ 1923ರಿಂದ ಇರುವ ಬ್ರಿಟಾನಿಯಾ ಹೋಟೆಲಿನ, ಝೆರೆಷ್ಕ್ ಹಾಕಿದ ಬೆರಿ ಪುಲಾವ್ ತಿನ್ನಲು ಜನ ಎಲ್ಲಿಂದಲೋ ಬರುತ್ತಾರೆ. ನಮ್ಮ ಅಡುಗೆಗೂ ಝೆರೆಷ್ಕ್ ಚೆನ್ನಾಗಿ ಒಗ್ಗುತ್ತದೆ, ಕೈ ಹಗುರವಾಗಿರಬೇಕು ಅಷ್ಟೆ.

ಮೊದಲು ತಟ್ಟೆಯಲ್ಲಿ ಹರವಿ ತೊಟ್ಟು, ಕಡ್ಡಿ ಆರಿಸಿ. ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಯಲಿ. ಆಮೇಲೆ ಪಾತ್ರೆ ಬಗ್ಗಿಸಿ ಬಸಿಯಬೇಡಿ. ಮಣ್ಣು ತಳದಲ್ಲಿ ಕೂತಿರುತ್ತದೆ, ಹಣ್ಣನ್ನು ಮೇಲಿನಿಂದ ಕೈಯಲ್ಲಿ ಬಾಚಿ ತೆಗೆದು ಹಿಂಡಿ. ಬಾಣಲೆಗೆ ಒಂದು ಚಮಚ ತುಪ್ಪ, ಚಿಟಿಕೆ ಸಕ್ಕರೆ, ತೀರಾ ಸಣ್ಣ ಉರಿ. ಹಣ್ಣು ಉಬ್ಬಿ ಮಿರಿಮಿರಿ ಎಂದೊಡನೆ ಇಳಿಸಿಬಿಡಿ, ಒಂದು ನಿಮಿಷವೂ ಬೇಡ. ಸೀದರೆ ಕಹಿ, ಆ ಕಹಿಯನ್ನು ಯಾವ ಬೆಲ್ಲವೂ ಮುಚ್ಚುವುದಿಲ್ಲ.

ಚಿತ್ರಾನ್ನಕ್ಕೆ ಒಂದು ಪಾವು ಅಕ್ಕಿಗೆ ಎರಡು ದೊಡ್ಡ ಚಮಚ ಸಾಕು, ನಿಂಬೆಹುಳಿ ಬಿಟ್ಟುಬಿಡಿ. ಒಗ್ಗರಣೆ, ಅರಿಸಿನ, ಕಾಯಿತುರಿ ಎಲ್ಲ ಬೆರೆಸಿದ ಮೇಲೆ ಕೊನೆಗೆ ಉದುರಿಸಿ. ಅರಿಸಿನದ ಅನ್ನದ ಮೇಲೆ ಕೆಂಪು ಕಾಳುಗಳು ಕುಂಕುಮ ಚೆಲ್ಲಿದಂತೆ ಕಾಣುತ್ತವೆ, ನನಗಂತೂ ಅದನ್ನು ಬಡಿಸುವುದೇ ಸಂಭ್ರಮ. ಹೆಸರುಬೇಳೆ ಕೋಸಂಬರಿಗೆ ಹುರಿಯದೆ ಬರೀ ನೆನೆಸಿದ್ದನ್ನು ಹಾಕಿ. ಒಗ್ಗರಣೆ ಅವಲಕ್ಕಿಗೂ ಆದೀತು. ಸಾರು, ಹುಳಿಗೆ ಮಾತ್ರ ಬೇಡ. ಕುದಿದರೆ ಇದರ ಸೊಗಸು ಕರಗಿಹೋಗುತ್ತದೆ, ಬೆಲೆಯೂ ಸಣ್ಣದಲ್ಲ. ಅಲ್ಲಿಗೆ ನಮ್ಮ ಹುಣಸೆ, ಪುನರ್ಪುಳಿಯೇ ಸರಿ.

ಬಸುರಿ, ಬಾಣಂತಿಯರಿಗೆ ಇದನ್ನು ಕೊಡಬೇಡಿ. ಮದ್ದಿಗೆ ಬಳಸುವ ನಮ್ಮ ಮರದರಿಸಿನವೂ ಇದೇ ಜಾತಿಯ ಪೊದೆ. ಈ ಪೊದೆಗಳ ಬೇರು, ತೊಗಟೆಯಲ್ಲಿ ಬರ್ಬೆರಿನ್ ಎಂಬ ತೀಕ್ಷ್ಣ ಅಂಶವಿದೆ, ಹಣ್ಣಿನಲ್ಲೂ ಅಲ್ಪಸ್ವಲ್ಪ ಇರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರೂ ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಲಿ.