ಲಕೋಟೆ ತೆರೆಯುವ ಮುಂಚೆ: ಟೆಕ್ಸಸ್‌ನ ಒಂದು ನಗರದಲ್ಲಿ ರಸ್ತೆ ಬಿಡ್, ನೌಕರರ ವಿಮೆ, ನನ್ನ ಅನುಭವ

ಉತ್ತರ ಟೆಕ್ಸಸ್‌ನ ಒಂದು ಸಣ್ಣ ನಗರದ ಖರೀದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ರಸ್ತೆ, ಚರಂಡಿ, ನೀರಿನ ಪೈಪಿನ ಬಿಡ್‌ಗಳು, ಅಂದರೆ ಕಂಟ್ರಾಕ್ಟರ್‌ಗಳು ಮುಚ್ಚಿದ ಲಕೋಟೆಯಲ್ಲಿ ಕೊಡುವ ಟೆಂಡರ್‌ಗಳು, ಒಂದು ಕಡೆ. ಪೊಲೀಸರು, ಅಗ್ನಿಶಾಮಕದವರು, ಲೈಬ್ರರಿಯವರು, ಪಾರ್ಕಿನಲ್ಲಿ ಹುಲ್ಲು ಕತ್ತರಿಸುವವರು, ಇವರೆಲ್ಲರ ಆರೋಗ್ಯ ವಿಮೆ ಇನ್ನೊಂದು ಕಡೆ. ಎರಡೂ ನಮ್ಮ ಕೈಯಿಂದಲೇ ಹೋಗಬೇಕು. ಎಷ್ಟೋ ಸಲ ಎರಡೂ ಒಂದೇ ಸಂಜೆ ಸಿಟಿ ಕೌನ್ಸಿಲ್ ಮುಂದೆ ಬರುತ್ತವೆ. ಆದರೆ ರಸ್ತೆ ಕೊಂಡ ಹಾಗೆ ವಿಮೆ ಕೊಳ್ಳಲು ಹೋದರೆ ನೌಕರರಿಗೆ ಕಷ್ಟ. ವಿಮೆ ಕೊಂಡ ಹಾಗೆ ರಸ್ತೆ ಕೊಳ್ಳಲು ಹೋದರೆ ಕಾನೂನಿಗೇ ವಿರುದ್ಧವಾಗಬಹುದು. ಎರಡಕ್ಕೂ ಸಮನಾಗಿ ಅನ್ವಯಿಸುವುದು ಒಂದೇ: ಬಿಡ್ ತೆರೆಯುವ ಮುಂಚೆ ಮಾಡಿದ ಕೆಲಸವೇ ಕೆಲಸ. ತೆರೆದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

ಇಲ್ಲಿನ ವ್ಯವಸ್ಥೆ ನಮ್ಮೂರ ನಗರಸಭೆಗಿಂತ ಸ್ವಲ್ಪ ಬೇರೆ. ಮೇಯರ್ ಮತ್ತು ಕೌನ್ಸಿಲ್ ಸದಸ್ಯರು ಮತ ಹಾಕಿ ತೀರ್ಮಾನ ಮಾಡುತ್ತಾರೆ. ದಿನನಿತ್ಯದ ಆಡಳಿತ ಸಿಟಿ ಮ್ಯಾನೇಜರ್ ಕೈಯಲ್ಲಿ. ನಮ್ಮ ಸದಸ್ಯರಿಗೆಲ್ಲ ಬೇರೆ ಉದ್ಯೋಗ ಇದೆ. ಹಗಲು ತಮ್ಮ ಕೆಲಸ ಮುಗಿಸಿ ಸಂಜೆ ಸಭೆಗೆ ಬರುತ್ತಾರೆ. ಹಾಗಾಗಿ ನಾವು ಬರೆದುಕೊಡುವ ಎರಡು ಪುಟದ ಟಿಪ್ಪಣಿ ಅವರಿಗೆ ಅರ್ಥವಾಗಬೇಕು. ಅರ್ಥವಾಗದಿದ್ದರೆ ಅವರು ಎಲ್ಲರಿಗಿಂತ ಕಡಿಮೆ ಅಂಕಿಯನ್ನು ನೋಡಿ ಅದಕ್ಕೇ ಮತ ಹಾಕುತ್ತಾರೆ. ಅದು ಅವರ ತಪ್ಪಲ್ಲ.

ಟೆಕ್ಸಸ್‌ನಲ್ಲಿ ನಗರಗಳ ಖರೀದಿಗೆ ಸ್ಥಳೀಯ ಸರ್ಕಾರ ಸಂಹಿತೆಯ 252ನೇ ಅಧ್ಯಾಯವೇ ಮೂಲ. ಬಹಳ ವರ್ಷ 50,000 ಡಾಲರ್ ದಾಟಿದ ಖರೀದಿಗೆಲ್ಲ ಬಿಡ್ ಕರೆಯಬೇಕಿತ್ತು. 2025ರ ಸೆಪ್ಟೆಂಬರ್ 1ರಿಂದ ಆ ಮಿತಿ 1,00,000 ಡಾಲರ್ ಆಗಿದೆ. ಪತ್ರಿಕೆಯಲ್ಲಿ ಸತತ ಎರಡು ವಾರ, ವಾರಕ್ಕೊಮ್ಮೆ ಪ್ರಕಟಣೆ ಕೊಡಬೇಕು. ಮೊದಲನೆಯದು ಬಿಡ್ ತೆರೆಯುವ ದಿನಕ್ಕೆ 14 ದಿನಕ್ಕಿಂತ ಹೆಚ್ಚು ಮುಂಚೆ ಬಂದಿರಬೇಕು. ಮಿತಿಯೊಳಗೆ ಬರಲಿ ಅಂತ ಒಂದೇ ಕೆಲಸವನ್ನು ತುಂಡು ಮಾಡಿ ಕೊಟ್ಟರೆ ಅದು ಅಪರಾಧ. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ನೋಡಿದವರಿಗೆ ಇದರ ಉದ್ದೇಶ ಹೊಸದೇನಲ್ಲ.

ನಾನು ಗದಗದ ಕಡೆಯವನು. ಎರೆಮಣ್ಣು ಮಳೆಗೆ ಉಬ್ಬುವುದನ್ನೂ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವುದನ್ನೂ ಚಿಕ್ಕಂದಿನಿಂದ ನೋಡಿದ್ದೇನೆ. ಡಲ್ಲಾಸ್ ಸುತ್ತಮುತ್ತಲಿನ ಬ್ಲ್ಯಾಕ್‌ಲ್ಯಾಂಡ್ ಪ್ರೇರಿಯ ಮಣ್ಣೂ ಅದೇ ಜಾತಿಯದು. ಇಲ್ಲಿ ಕಾಂಕ್ರೀಟ್ ರಸ್ತೆ ಹಾಕುವ ಮುಂಚೆ ಆ ಮಣ್ಣಿಗೆ ಸುಣ್ಣ ಬೆರೆಸಿ, ನೀರು ಹಾಕಿ, ಹದಕ್ಕೆ ಬಿಟ್ಟು, ಆಮೇಲೆ ರೋಲರ್ ಹೊಡೆಯುತ್ತಾರೆ. ಎಷ್ಟು ಸುಣ್ಣ ಬೇಕು ಅನ್ನುವುದು ಮಣ್ಣಿನ ಪರೀಕ್ಷೆಯಿಂದ ಗೊತ್ತಾಗಬೇಕು. ರಸ್ತೆ ಬಿಡ್‌ನಲ್ಲಿ ದುಡ್ಡು ಸೋರುವುದು ಇಂಥ ಕಡೆಯೇ.

ರಸ್ತೆ ಬಿಡ್ ಅಂದರೆ ಒಂದು ಉದ್ದನೆಯ ಪಟ್ಟಿ. ಅಗೆತ ಇಷ್ಟು ಗಜ, ಸುಣ್ಣ ಇಷ್ಟು ಟನ್, ಕಾಂಕ್ರೀಟ್ ಇಷ್ಟು ಚದರ ಗಜ. ಪ್ರಮಾಣ ನಮ್ಮದು, ದರ ಕಂಟ್ರಾಕ್ಟರ್‌ನದು. ಕೊನೆಗೆ ಹಣ ಕೊಡುವುದು ನಿಜವಾಗಿ ಬಳಸಿದ ಪ್ರಮಾಣಕ್ಕೆ. ಒಂದು ಸರಳ ಲೆಕ್ಕ ನೋಡಿ. ಪಟ್ಟಿಯಲ್ಲಿ 400 ಟನ್ ಸುಣ್ಣ ಇದೆ. ಒಬ್ಬ ಟನ್‌ಗೆ 250 ಡಾಲರ್ ಹಾಕಿದ್ದಾನೆ. ಇನ್ನೊಬ್ಬ ಸುಣ್ಣಕ್ಕೆ 450 ಹಾಕಿ, ಬೇರೆ ಕಡೆ ದರ ಇಳಿಸಿ, ಒಟ್ಟು ಮೊತ್ತದಲ್ಲಿ 30,000 ಡಾಲರ್ ಕಡಿಮೆ ತೋರಿಸಿದ್ದಾನೆ. ಕಾಗದದ ಮೇಲೆ ಅವನೇ ಗೆದ್ದ. ಆದರೆ ಕೆಲಸದಲ್ಲಿ 600 ಟನ್ ಬೇಕಾಯಿತು ಅನ್ನಿ. ಹೆಚ್ಚಿನ 200 ಟನ್‌ಗೆ ಇವನಿಗೆ 90,000 ಕೊಡಬೇಕು, ಮೊದಲನೆಯವನಿಗಾದರೆ 50,000 ಸಾಕಿತ್ತು. ಕಡಿಮೆ ಅಂತ ಆರಿಸಿದ ಬಿಡ್ ಈಗ 10,000 ಡಾಲರ್ ಜಾಸ್ತಿಯಾಯಿತು. ಆ ಕಂಟ್ರಾಕ್ಟರ್ ಮೋಸ ಮಾಡಿದ ಅಂತ ನಾನು ಹೇಳುವುದಿಲ್ಲ. ಅವನು ಜಾಗಕ್ಕೆ ಬಂದು ಮಣ್ಣು ನೋಡಿದ್ದಾನೆ, ನಾವು ಸರಿಯಾಗಿ ನೋಡಿರಲಿಲ್ಲ, ಅಷ್ಟೇ.

ಅದಕ್ಕೇ ನಾನು ಬಿಡ್ ಪ್ರಕಟಿಸುವ ಮುಂಚೆ ಎಂಜಿನಿಯರ್ ಜೊತೆ ಕೂತು ಪಟ್ಟಿಯ ದೊಡ್ಡ ಸಾಲುಗಳನ್ನು ಒಂದೊಂದಾಗಿ ಕೇಳುತ್ತೇನೆ. ಈ ಪ್ರಮಾಣ ಎಲ್ಲಿಂದ ಬಂತು? ಮಣ್ಣಿನ ಮಾದರಿಗೆ ಬೋರ್ ಎಷ್ಟು ಕಡೆ ತೆಗೆದಿದ್ದೀರಿ? ಮಣ್ಣಿನಲ್ಲಿ ಸಲ್ಫೇಟ್ ಅನ್ನುವ ಲವಣ ಎಷ್ಟಿದೆ ನೋಡಿದ್ದೀರಾ? ಸಲ್ಫೇಟ್ ಜಾಸ್ತಿ ಇರುವ ಮಣ್ಣಿಗೆ ಸುಣ್ಣ ಸೇರಿಸಿದರೆ ಗಟ್ಟಿಯಾಗುವ ಬದಲು ಉಬ್ಬಿ ರಸ್ತೆಯನ್ನೇ ಎತ್ತಿಬಿಡುತ್ತದೆ. ಇನ್ನೆರಡು ಬೋರ್ ಹಾಕಿಸುವ ಖರ್ಚು ಕೆಲಸದ ಮೊತ್ತದ ಮುಂದೆ ಏನೇನೂ ಅಲ್ಲ. ಆಮೇಲೆ ಪ್ರಮಾಣ ಶೇಕಡಾ 20, 30 ಏರಿದರೆ ಯಾರು ಮೊದಲು ಬರುತ್ತಾರೆ ಅಂತ ನೋಡಲು ಒಂದು ಶೀಟ್ ಮುಂಚೆಯೇ ತಯಾರಿಟ್ಟುಕೊಳ್ಳುತ್ತೇನೆ. ಕೆಲವು ದರ ತೀರಾ ಜಾಸ್ತಿ, ಕೆಲವು ತೀರಾ ಕಡಿಮೆ ಇರುವ ವಿಪರೀತ ಅಸಮತೋಲನದ ಬಿಡ್ ತಿರಸ್ಕರಿಸುವ ಹಕ್ಕು ನಮಗಿದೆ ಅಂತ ದಾಖಲೆಯಲ್ಲೇ ಬರೆದಿರುತ್ತೇವೆ. ಎಲ್ಲ ಬಿಡ್‌ಗಳನ್ನೂ ತಿರಸ್ಕರಿಸುವ ಅಧಿಕಾರವಂತೂ ಕೌನ್ಸಿಲ್‌ಗೆ ಯಾವಾಗಲೂ ಇದೆ. ಆದರೆ ಎಲ್ಲರ ದರವೂ ಬಯಲಾದ ಮೇಲೆ ಮತ್ತೆ ಕರೆಯುವುದು ಯಾರಿಗೂ ಒಳ್ಳೆಯದಲ್ಲ.

ಬಿಡ್‌ಗೆ ಮುಂಚಿನ ಸಭೆಯನ್ನು ಕೆಲವರು ಸುಮ್ನೆ ಶಾಸ್ತ್ರಕ್ಕೆ ಮಾಡುತ್ತಾರೆ. ನನಗೆ ಅದು ತುಂಬಾ ಮುಖ್ಯ. ಕಂಟ್ರಾಕ್ಟರ್‌ಗಳು ಕೇಳುವ ಪ್ರಶ್ನೆಗಳಲ್ಲೇ ನಮ್ಮ ನಕ್ಷೆಯ ತಪ್ಪುಗಳು ಹೊರಬರುತ್ತವೆ. ಯಾರೇ ಏನೇ ಕೇಳಲಿ, ಉತ್ತರ ಬರಹದಲ್ಲಿ ಎಲ್ಲರಿಗೂ ಒಟ್ಟಿಗೆ ಹೋಗಬೇಕು. ಫೋನಿನಲ್ಲಿ ಒಬ್ಬನಿಗೆ ಹೇಳಿದ ಒಂದು ಮಾತು ಇಡೀ ಬಿಡ್ಡನ್ನೇ ಹಾಳು ಮಾಡಬಲ್ಲದು.

ತೆರೆಯುವ ಹೊತ್ತು ಬಂದಾಗ ಹೆಸರು ಮತ್ತು ಮೊತ್ತವನ್ನು ಎಲ್ಲರ ಎದುರು ಗಟ್ಟಿಯಾಗಿ ಓದುತ್ತೇವೆ. ತಡವಾಗಿ ಬಂದದ್ದನ್ನು ತೆರೆಯುವುದಿಲ್ಲ, ಒಂದು ನಿಮಿಷ ತಡವಾದರೂ ಅಷ್ಟೇ. ದರಕ್ಕೂ ಗುಣಾಕಾರಕ್ಕೂ ತಾಳೆ ಬರದಿದ್ದರೆ ದರವನ್ನೇ ಹಿಡಿಯುತ್ತೇವೆ. ಆಮೇಲೆ ಬಾಂಡ್. ಒಪ್ಪಂದ 1,00,000 ಡಾಲರ್ ದಾಟಿದರೆ ಕೆಲಸ ಮುಗಿಸುವ ಭರವಸೆಯ ಬಾಂಡ್ ಬೇಕು. ನಗರಗಳಿಗೆ 50,000 ದಾಟಿದರೆ, ಸಾಮಗ್ರಿ ಕೊಟ್ಟವರಿಗೂ ಕೂಲಿಯವರಿಗೂ ಹಣ ಸಿಗುವ ಭರವಸೆಯ ಬಾಂಡ್ ಬೇಕು. ಸರ್ಕಾರಿ ಆಸ್ತಿಯ ಮೇಲೆ ಅವರು ಬಾಕಿಗೆ ಹಕ್ಕು ಹಾಕಲು ಆಗದ ಕಾರಣ ಈ ಬಾಂಡೇ ಅವರಿಗೆ ಆಸರೆ. ಬಾಂಡ್ ಕಾಗದ ಕೈಗೆ ಬಂದ ಕೂಡಲೇ ನಾನು ಅದರಲ್ಲಿರುವ ನಂಬರನ್ನು ಬಿಟ್ಟು, ಶ್ಯೂರಿಟಿ ಕಂಪನಿಯ, ಅಂದರೆ ಬಾಂಡ್‌ಗೆ ಹೊಣೆ ನಿಂತ ಕಂಪನಿಯ, ನಂಬರನ್ನು ಬೇರೆ ಕಡೆ ಹುಡುಕಿ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ಈ ಅಭ್ಯಾಸವನ್ನು ಎಲ್ಲರೂ ಇಟ್ಟುಕೊಳ್ಳಬೇಕು.

ಇನ್ನೊಂದು ವಿಷಯ ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಆಶ್ಚರ್ಯ ತಂದಿತ್ತು. ಟೆಕ್ಸಸ್‌ನಲ್ಲಿ ಖಾಸಗಿ ಮಾಲೀಕರು ಕಾರ್ಮಿಕರ ಅಪಘಾತ ವಿಮೆ ಮಾಡಿಸಲೇಬೇಕು ಅಂತ ಇಲ್ಲ. ಆದರೆ ಸರ್ಕಾರಿ ಕಾಮಗಾರಿ ಮಾಡುವ ಕಂಟ್ರಾಕ್ಟರ್ ಮಾಡಿಸಲೇಬೇಕು, ಅವನ ಕೈಕೆಳಗಿನ ಉಪ ಕಂಟ್ರಾಕ್ಟರ್ ಕೂಡ. ಆಳದ ಗುಂಡಿಯಲ್ಲಿ ಪೈಪು ಕೂರಿಸುವವನಿಗೆ ಮಣ್ಣು ಕುಸಿದು ಏನಾದರೂ ಆದರೆ ಅವನ ಮನೆಯವರು ಏನು ಮಾಡಬೇಕು? ಹಾಗಾಗಿ ವಿಮೆಯ ಕಾಗದ ಬಾರದೆ ಕೆಲಸ ಶುರು ಮಾಡುವ ಆದೇಶಕ್ಕೆ ನಾನು ಒಪ್ಪುವುದಿಲ್ಲ. ಎಷ್ಟೇ ಅವಸರ ಇರಲಿ.

ಕೆಲಸ ನಡೆಯುವಾಗ ಬದಲಾವಣೆಗಳು ಬರುತ್ತವೆ. ಅವುಗಳಿಂದ ಮೂಲ ಮೊತ್ತ ಶೇಕಡಾ 25ಕ್ಕಿಂತ ಜಾಸ್ತಿ ಏರುವಂತಿಲ್ಲ. ಇನ್ನು ನಕ್ಷೆ ಮಾಡುವ ಎಂಜಿನಿಯರ್‌ನನ್ನು ದರ ನೋಡಿ ಆರಿಸಲೇಬಾರದು ಅಂತ ಕಾನೂನು ಇದೆ. ಮೊದಲು ಯೋಗ್ಯತೆ ನೋಡಿ ಆರಿಸಬೇಕು, ಆಮೇಲೆ ಶುಲ್ಕದ ಮಾತು. ಇದು ನನಗೆ ತುಂಬಾ ಸರಿ ಅನಿಸುತ್ತದೆ. ಅಗ್ಗದ ನಕ್ಷೆಯಿಂದ ದುಬಾರಿ ರಸ್ತೆ ಆಗುತ್ತದೆ.

ಈಗ ವಿಮೆಗೆ ಬರೋಣ. ಇಲ್ಲಿ ಲಕೋಟೆ ತೆರೆದು ಗಟ್ಟಿಯಾಗಿ ಓದುವ ಪದ್ಧತಿ ಇಲ್ಲ. ಕಾನೂನು ವಿಮೆಗೆ ಬೇರೆ ದಾರಿ ಕೊಟ್ಟಿದೆ. ಪ್ರಪೋಸಲ್, ಅಂದರೆ ದರದ ಜೊತೆ ಷರತ್ತುಗಳನ್ನೂ ಹೇಳುವ ಪ್ರಸ್ತಾವ, ಕರೆಯಬಹುದು, ಬಂದವರ ಜೊತೆ ಮಾತುಕತೆ ನಡೆಸಬಹುದು, ಸುಧಾರಿಸಿದ ಕೊನೆಯ ದರ ಕೇಳಬಹುದು. ಮಾತುಕತೆ ಮುಗಿಯುವವರೆಗೆ ಒಬ್ಬರ ದರ ಇನ್ನೊಬ್ಬರಿಗೆ ಗೊತ್ತಾಗಬಾರದು. ಎಲ್ಲರನ್ನೂ ಸಮನಾಗಿ ನೋಡಬೇಕು. ದರಕ್ಕೆ ಎಷ್ಟು ತೂಕ, ಬೇರೆ ಅಂಶಗಳಿಗೆ ಎಷ್ಟು ತೂಕ ಅನ್ನುವುದನ್ನು ಪ್ರಪೋಸಲ್ ಕರೆಯುವಾಗಲೇ ಹೇಳಿರಬೇಕು.

ನಮ್ಮ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ವಿಮೆಯೂ ಅದೇ ದಿನ. ಹಿಂದಕ್ಕೆ ಎಣಿಸಿದರೆ ಆಗಸ್ಟ್‌ನಲ್ಲಿ ಕೌನ್ಸಿಲ್ ಮತ, ಜುಲೈನಲ್ಲಿ ಮಾತುಕತೆ, ವಸಂತದಲ್ಲೇ ಪ್ರಪೋಸಲ್ ಹೊರಗೆ ಹೋಗಬೇಕು. ಅದಕ್ಕೂ ಮುಂಚೆ ಅಂಕಿ ಅಂಶ ಬೇಕು. ನೌಕರರ ವಯಸ್ಸು, ಪಿನ್‌ಕೋಡ್, ಕುಟುಂಬ ಸೇರಿದೆಯೋ ಇಲ್ಲವೋ, ಇಷ್ಟು. ಹೆಸರು ಬೇಡ. ಹಿಂದಿನ ಎರಡು ಮೂರು ವರ್ಷಗಳ ತಿಂಗಳವಾರು ಖರ್ಚು, ದೊಡ್ಡ ಕಾಯಿಲೆಗಳ ಹೆಸರಿಲ್ಲದ ಪಟ್ಟಿ. ಈ ವರದಿ ಕೇಳಿದರೆ 30 ದಿನದೊಳಗೆ ವಿಮಾ ಕಂಪನಿ ಕೊಡಬೇಕು ಅಂತ ಟೆಕ್ಸಸ್ ವಿಮಾ ಸಂಹಿತೆ ಹೇಳುತ್ತದೆ. ನಾನು ಲಿಖಿತವಾಗಿ ಕೇಳುತ್ತೇನೆ, ಬೇಗ ಕೇಳುತ್ತೇನೆ. ಅಂಕಿ ಅರೆಬರೆ ಇದ್ದರೆ ಹೊಸ ಕಂಪನಿಗಳು ಭಯಕ್ಕೆ ದರ ಏರಿಸುತ್ತವೆ, ಅಥವಾ ಬರುವುದೇ ಇಲ್ಲ. ಆಗ ಇರುವ ಕಂಪನಿ ಹೇಳಿದ್ದೇ ದರ.

ನಮ್ಮಂಥ ನಗರಗಳು ಎರಡು ರೀತಿ ವಿಮೆ ಮಾಡಬಹುದು. ಪೂರ್ತಿ ಪ್ರೀಮಿಯಂ ಕಟ್ಟಿ ಅಪಾಯವನ್ನು ಕಂಪನಿಗೇ ಬಿಡುವುದು ಒಂದು. ಆಸ್ಪತ್ರೆ ಖರ್ಚನ್ನು ನಗರವೇ ತನ್ನ ನಿಧಿಯಿಂದ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಕಂಪನಿ ಬಿಲ್ಲು ನೋಡಿ ಪಾವತಿ ಮಾಡುವ ಕೆಲಸ ಮಾತ್ರ ಮಾಡುತ್ತದೆ, ಅದಕ್ಕೆ ತಲೆಗೆ ತಿಂಗಳಿಗೆ ಇಷ್ಟು ಅಂತ ಶುಲ್ಕ. ಒಬ್ಬರ ಖರ್ಚು ಒಂದು ಮಿತಿ ದಾಟಿದರೆ ರಕ್ಷಣೆಗೆ ಸ್ಟಾಪ್ ಲಾಸ್ ಅನ್ನುವ ಇನ್ನೊಂದು ವಿಮೆ.

ಈ ಸ್ಟಾಪ್ ಲಾಸ್ ಪ್ರಪೋಸಲ್‌ಗಳನ್ನು ಓದುವಾಗ ನಾನು ಮೊದಲ ಪುಟದ ದರ ಬಿಟ್ಟು ಷರತ್ತುಗಳ ಪುಟಕ್ಕೆ ಹೋಗುತ್ತೇನೆ. ಒಂದು ವರ್ಷ ಎಲ್ಲರಿಗಿಂತ ಕಡಿಮೆ ದರ ಕೊಟ್ಟ ಪ್ರಪೋಸಲ್‌ನಲ್ಲಿ ಒಂದು ಸಾಲು ಇತ್ತು. ಎಲ್ಲರಿಗೂ ಮಿತಿ 1,00,000 ಡಾಲರ್, ಒಬ್ಬ ವ್ಯಕ್ತಿಗೆ ಮಾತ್ರ 4,00,000. ಇದಕ್ಕೆ ಇಲ್ಲಿ ‘ಲೇಸರ್’ ಅನ್ನುತ್ತಾರೆ. ಆ ವ್ಯಕ್ತಿಗೆ ನಡೆಯುತ್ತಿದ್ದ ಚಿಕಿತ್ಸೆ ಮುಂದುವರಿದರೆ ನಡುವಿನ 3,00,000 ಡಾಲರ್ ನಗರದ ಮೇಲೆ ಬೀಳುತ್ತದೆ. ದರದಲ್ಲಿ ಉಳಿಯುತ್ತಿದ್ದದ್ದು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಲೇಸರ್ ಇಲ್ಲದೆ, ಎರಡನೇ ವರ್ಷದ ಏರಿಕೆಗೆ ಮಿತಿ ಹಾಕಿ ದರ ಕೊಡಿ ಅಂತ ಎಲ್ಲರನ್ನೂ ಮತ್ತೆ ಕೇಳಿದೆವು. ಉತ್ತರ ಬಂದಾಗ ಯಾರು ಕಡಿಮೆ, ಯಾರು ಜಾಸ್ತಿ ಅನ್ನುವ ಕ್ರಮವೇ ಬದಲಾಯಿತು.

ಇನ್ನೊಂದು ಕಡೆ ಗಮನ ಬೇಕು. ಸೆಪ್ಟೆಂಬರ್‌ನಲ್ಲಿ ಆದ ಆಪರೇಷನ್ನಿನ ಬಿಲ್ಲು ನವೆಂಬರ್‌ನಲ್ಲಿ ಬರುತ್ತದೆ. ಹಳೆಯ ಕಂಪನಿ ‘ನಮ್ಮ ಅವಧಿ ಮುಗಿಯಿತು’ ಅನ್ನುತ್ತದೆ, ಹೊಸದು ‘ನಾವು ಬರುವ ಮುಂಚೆ ಆದದ್ದು’ ಅನ್ನುತ್ತದೆ. ಈ ನಡುವಿನ ಬಿಲ್ಲುಗಳು ಯಾರಿಗೆ ಸೇರಿದ್ದು ಅನ್ನುವ ಪ್ರಶ್ನೆ ಪ್ರಪೋಸಲ್ ಕರೆಯುವಾಗಲೇ ಇರಬೇಕು. ಹಾಗೇ ನಮ್ಮ ನೌಕರರು ಈಗ ಹೋಗುತ್ತಿರುವ ಡಾಕ್ಟರ್‌ಗಳಲ್ಲಿ ಎಷ್ಟು ಜನ ಹೊಸ ನೆಟ್‌ವರ್ಕ್‌ನಲ್ಲಿದ್ದಾರೆ, ಅಂದರೆ ಆ ಕಂಪನಿಯ ಜೊತೆ ಒಪ್ಪಂದ ಇರುವ ಡಾಕ್ಟರ್‌ಗಳ ಪಟ್ಟಿಯಲ್ಲಿದ್ದಾರೆ ಅಂತ ಪ್ರತಿ ಕಂಪನಿಯಿಂದ ಪಟ್ಟಿ ಪಡೆಯುತ್ತೇನೆ. ಕಡಿಮೆ ಸಂಬಳದವರಿಗೆ ಡಾಕ್ಟರ್ ಬದಲಾದರೆ ಬೀಳುವ ಹೊರೆ ಯಾವ ಕೋಷ್ಟಕದಲ್ಲೂ ಕಾಣುವುದಿಲ್ಲ. ಅದನ್ನು ಟಿಪ್ಪಣಿಯಲ್ಲಿ ಬರೆಯುವುದು ನನ್ನ ಕೆಲಸ ಅಂತ ನಂಬಿದ್ದೇನೆ.

ವಿಮೆ ಕೊಳ್ಳಲು ನಮಗೆ ಸಲಹೆ ಕೊಡುವ ಬ್ರೋಕರ್ ಬಗ್ಗೆ ಒಂದು ಮಾತು. ಅವರ ತಿಳಿವಳಿಕೆ ನಮಗೆ ಬೇಕು. ಆದರೆ ಅವರಿಗೆ ಹಣ ಬರುವುದು ನಮ್ಮಿಂದಲೋ ಕಂಪನಿಯಿಂದಲೋ ಅನ್ನುವುದು ಸ್ಪಷ್ಟ ಇರಬೇಕು. ಪ್ರೀಮಿಯಂ ಏರಿದಷ್ಟೂ ಕಮಿಷನ್ ಏರಿದರೆ ದರ ಇಳಿಸಲು ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ? ನಾವು ನಿಗದಿತ ಶುಲ್ಕಕ್ಕೆ ಒಪ್ಪಂದ ಮಾಡಿಕೊಂಡಿದ್ದೇವೆ. ಬೇರೆ ಯಾವ ಮೂಲದಿಂದ ಹಣ ಬಂದರೂ ಬರಹದಲ್ಲಿ ತಿಳಿಸಬೇಕು.

ಕೌನ್ಸಿಲ್ ಸಭೆಯ ಟಿಪ್ಪಣಿಯಲ್ಲಿ ವಿಮೆಗೆ ನಾನು ಮೂರು ಅಂಕಿ ಕೊಡುತ್ತೇನೆ. ಖಚಿತವಾಗಿ ಕಟ್ಟಬೇಕಾದದ್ದು, ಬರಬಹುದಾದ ಒಟ್ಟು ಖರ್ಚು, ಕೆಟ್ಟ ವರ್ಷ ಬಂದರೆ ಆಗುವ ಅತಿ ಹೆಚ್ಚಿನ ಖರ್ಚು. ಸದಸ್ಯರು ಆಗ ಒಳ್ಳೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಬಿಡ್ ಹಾಕಿದ ಕಂಪನಿಯಲ್ಲಿ ಯಾರಾದರೂ ಸದಸ್ಯರಿಗೆ ಶೇಕಡಾ 10 ಪಾಲು, ಅಥವಾ 15,000 ಡಾಲರ್ ಬೆಲೆಯ ಪಾಲು ಇದ್ದರೆ, ಅಥವಾ ಹಿಂದಿನ ವರ್ಷದ ಆದಾಯದ ಶೇಕಡಾ 10ಕ್ಕಿಂತ ಜಾಸ್ತಿ ಅಲ್ಲಿಂದ ಬಂದಿದ್ದರೆ, ಪ್ರಮಾಣಪತ್ರ ಕೊಟ್ಟು ಆ ಚರ್ಚೆಯಿಂದಲೂ ಮತದಿಂದಲೂ ದೂರ ಇರಬೇಕು. ತಂದೆ ತಾಯಿ, ಮಕ್ಕಳು, ಗಂಡ ಹೆಂಡತಿಯ ಪಾಲಿಗೂ ಇದೇ ನಿಯಮ. ಸಭೆಗೆ ಮುಂಚೆಯೇ ನಾನು ಬಿಡ್‌ದಾರರ ಪಟ್ಟಿಯನ್ನು ನಗರದ ಕಾರ್ಯದರ್ಶಿಗೆ ಕಳಿಸಿ ಇದನ್ನು ನೆನಪಿಸುತ್ತೇನೆ.

ಟೆಕ್ಸಸ್‌ನಲ್ಲಿರುವ ಕನ್ನಡಿಗರಿಗೆ ಒಂದು ವಿನಂತಿ. ಸಭೆಯ ಸೂಚನೆ ಈಗ ಮೂರು ಕೆಲಸದ ದಿನ ಮುಂಚೆಯೇ ಹಾಕಬೇಕು, ಮೊದಲು 72 ಗಂಟೆ ಇತ್ತು. ನಿಮ್ಮ ನಗರದ ವೆಬ್‌ಸೈಟಿನಲ್ಲಿ ಆ ಕಡತ ತೆರೆದು ನೋಡಿ. ರಸ್ತೆ ಕೆಲಸವಾದರೆ ದರಗಳ ಹೋಲಿಕೆ ಪಟ್ಟಿ ಇದೆಯೇ ನೋಡಿ, ಇಲ್ಲದಿದ್ದರೆ ಸಾರ್ವಜನಿಕ ಮಾಹಿತಿ ಕಾನೂನಿನಡಿ ಕೇಳಿ. ವಿಮೆಯಾದರೆ ಒಪ್ಪಂದ ಆದ ಮೇಲೆ, ವ್ಯಾಪಾರ ಗುಟ್ಟುಗಳನ್ನು ಬಿಟ್ಟು ಪ್ರಪೋಸಲ್‌ಗಳನ್ನೂ ನೋಡಬಹುದು. ಸಭೆಯಲ್ಲಿ ಮತಕ್ಕೆ ಮುಂಚೆ ಮಾತಾಡುವ ಅವಕಾಶವೂ ನಿಮಗಿದೆ. ‘ಸುಣ್ಣ 30 ಶೇಕಡಾ ಜಾಸ್ತಿ ಬೇಕಾದರೆ ಯಾರು ಕಡಿಮೆ?’ ಅಂತ ಒಬ್ಬ ನಿವಾಸಿ ಎದ್ದು ಕೇಳಿದರೆ, ಉತ್ತರ ಹೇಳಲು ನನ್ನ ಹತ್ತಿರ ಆ ಶೀಟ್ ಇರುತ್ತದೆ.