ಮ್ಯಾಕ್ರೊ ಲೆನ್ಸ್ ಹುಳುಗಳಿಗಷ್ಟೇ ಅಲ್ಲ: ದಿನವೂ ಬಳಸುವುದು ಹೀಗೆ

ಮ್ಯಾಕ್ರೊ ಲೆನ್ಸ್, ಅಂದರೆ ತೀರಾ ಹತ್ತಿರದಿಂದ ಚಿಕ್ಕ ವಸ್ತುಗಳ ಫೋಟೊ ತೆಗೆಯುವ ಲೆನ್ಸ್, ಅಂದ ಕೂಡಲೇ ಜೇಡ, ಇರುವೆ, ಚಿಟ್ಟೆ ನೆನಪಾಗುತ್ತವೆ. ಹಾಗಾಗಿ ಆಸೆಪಟ್ಟು ಕೊಂಡವರೂ ಮಳೆಗಾಲದಲ್ಲಿ ನಾಲ್ಕು ದಿನ ಬಳಸಿ ಬ್ಯಾಗಿಗೆ ಸೇರಿಸಿಬಿಡುತ್ತಾರೆ. ಅಷ್ಟು ಒಳ್ಳೆಯ ಲೆನ್ಸ್ ಸುಮ್ನೆ ಬಿದ್ದಿರುವುದು ಬೇಡ. ಚಿಕ್ಕದೊಂದು ಪ್ರೈಮ್ (ಜೂಮ್ ಇಲ್ಲದ) ಮ್ಯಾಕ್ರೊವನ್ನು ಕ್ಯಾಮೆರಾಗೆ ಹಾಕಿ ಅಲ್ಲೇ ಬಿಡಿ. ಮನೆಮಂದಿಯ ಮುಖ, ತಟ್ಟೆಯಲ್ಲಿನ ಊಟ, ಸೀರೆಯ ಕಸೂತಿ, ಕುಂಡದ ಗಿಡ, ಎಲ್ಲಕ್ಕೂ ಅದು ಸಾಕಾಗುತ್ತದೆ.

ಯಾವುದನ್ನು ಕೊಳ್ಳಬೇಕು?

ಲೆನ್ಸ್‌ನ ಎಂಎಂ (ಫೋಕಲ್ ಲೆಂತ್) ಸಂಖ್ಯೆ ದೊಡ್ಡದಾದಷ್ಟೂ ದೃಶ್ಯ ಹತ್ತಿರ ಕಾಣುತ್ತದೆ. 100 ಎಂಎಂ ಲೆನ್ಸ್‌ಗಳು ಚೆನ್ನಾಗಿವೆ, ಆದರೆ ದುಬಾರಿ. ಮನೆಯೊಳಗೆ ಅವುಗಳಿಂದ ಫೋಟೊ ತೆಗೆಯಲು ಗೋಡೆಗೆ ಒರಗುವಷ್ಟು ಹಿಂದೆ ಸರಿಯಬೇಕು. ದಿನದ ಬಳಕೆಗೆ 30ರಿಂದ 40 ಎಂಎಂ ಇರಲಿ. ನಿಕಾನ್‌ನವರಿಗೆ 2011ರಲ್ಲಿ ಬಂದ 40 ಎಂಎಂ ಎಫ್/2.8 ಮೈಕ್ರೊ (ಮ್ಯಾಕ್ರೊಗೆ ನಿಕಾನ್ ಇಟ್ಟ ಹೆಸರು) ಇದೆ, ತೂಕ 235 ಗ್ರಾಂ ಅಷ್ಟೇ. ‘ಎಫ್’ ಸಂಖ್ಯೆ ಅಂದರೆ ಲೆನ್ಸ್‌ನ ಕಿಂಡಿಯ (ಅಪರ್ಚರ್) ಅಳತೆ, ಅದು ಚಿಕ್ಕದಿದ್ದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ. ಕ್ಯಾನನ್‌ನಲ್ಲಿ 2017ರ ಇಎಫ್-ಎಸ್ 35 ಎಂಎಂ ಎಫ್/2.8 ಇದೆ. ಅದರ ಮುಂಭಾಗದಲ್ಲೇ ಪುಟ್ಟ ಎಲ್‌ಇಡಿ ದೀಪವಿದೆ. ಸೋನಿಯಲ್ಲಿ 30 ಎಂಎಂ ಎಫ್/3.5 ಸಿಗುತ್ತದೆ. ಮೂರೂ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ (ಚಿತ್ರ ಮೂಡುವ ಫಲಕ) ಇರುವ ಕ್ಯಾಮೆರಾಗಳಿಗೆ ಮಾಡಿದವು. ನಾನು ನಿಕಾನ್ 40 ಎಂಎಂ ಅನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಉಳಿದವಕ್ಕೂ ಕ್ರಮ ಹೆಚ್ಚುಕಡಿಮೆ ಇದೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊಬೈಲ್ ಟಾರ್ಚ್ ಹಿಡಿದು ಲೆನ್ಸ್‌ನ ಎರಡೂ ಕಡೆಯಿಂದ ಒಳಗೆ ನೋಡಿ. ಜೇಡರ ಬಲೆಯ ಎಳೆಯಂತೆ ಏನಾದರೂ ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಬಳಸಿದ ಲೆನ್ಸ್‌ಗಳಲ್ಲಿ ಇದು ಜಾಸ್ತಿ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಇನ್ನೊಂದು ಮಾತು: ನಿಮ್ಮದು ಡಿ3500, ಡಿ5600ರಂಥ ನಿಕಾನ್ ಕ್ಯಾಮೆರಾ ಆಗಿದ್ದರೆ ಲೆನ್ಸ್ ಹೆಸರಿನಲ್ಲಿ ‘ಎಎಫ್-ಎಸ್’ ಇದೆಯಾ ನೋಡಿ. ಹಳೆಯ ಎಎಫ್-ಡಿ ಮೈಕ್ರೊಗಳು ಇವುಗಳಲ್ಲಿ ಆಟೊಫೋಕಸ್ ಮಾಡುವುದಿಲ್ಲ.

ಮೊದಲು ಒಂದು ನಾಣ್ಯ

ಲೆನ್ಸ್ ಕೈಗೆ ಬಂದ ದಿನ 10 ರೂಪಾಯಿ ನಾಣ್ಯವನ್ನು ಮೇಜಿನ ಮೇಲಿಡಿ. ಆಟೊಫೋಕಸ್ ಆಫ್ ಮಾಡಿ, ಫೋಕಸ್ ರಿಂಗನ್ನು ತೀರಾ ಹತ್ತಿರದ ಕೊನೆಗೆ ತಿರುಗಿಸಿ. ಈಗ ನಾಣ್ಯ ಸ್ಪಷ್ಟವಾಗುವವರೆಗೆ ಕ್ಯಾಮೆರಾವನ್ನೇ ಮುಂದೆ ತನ್ನಿ. ನಾಣ್ಯ ಪೂರ್ತಿ ಹಿಡಿಸುವುದಿಲ್ಲ, ಅಲ್ವಾ? ನಾಣ್ಯದ ಅಗಲ 27 ಮಿಲಿಮೀಟರ್, ಸೆನ್ಸರ್ ಅಗಲ ಸುಮಾರು 23.5. ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುತ್ತದೆ. 1:1 ಅಂದರೆ ಇದೇ.

ಈಗ ನಾಣ್ಯಕ್ಕೂ ಲೆನ್ಸ್‌ಗೂ ನಡುವಿನ ಜಾಗ ನೋಡಿ. ಮೂರ್ನಾಲ್ಕು ಸೆಂಟಿಮೀಟರ್ ಮಾತ್ರ. ಕಂಪನಿ ಹೇಳುವ 16.3 ಸೆಂ.ಮೀ. ದೂರ ಸೆನ್ಸರ್‌ನಿಂದ ಅಳೆದದ್ದು. ಇಷ್ಟು ಹತ್ತಿರದಲ್ಲಿ ಲೆನ್ಸ್‌ನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ. ಲೆನ್ಸ್ ಮುಂದೆ ಹುಡ್ (ಬೆಳಕು ಮರೆಮಾಡುವ ಬಳೆ) ಹಾಕಿದ್ದರೆ ತೆಗೆದಿಡಿ. ತೀರಾ ಹತ್ತಿರ ಹೋದಾಗ ನಿಕಾನ್ ಕ್ಯಾಮೆರಾದಲ್ಲಿ ಎಫ್/2.8 ಇದ್ದದ್ದು ತಾನಾಗಿಯೇ ದೊಡ್ಡ ಸಂಖ್ಯೆಗೆ ಹೋಗುತ್ತದೆ. ಅದು ದೋಷವಲ್ಲ. ಹತ್ತಿರ ಹೋದಷ್ಟೂ ಸೆನ್ಸರ್‌ಗೆ ಸಿಗುವ ಬೆಳಕು ಕಡಿಮೆಯಾಗುವುದರಿಂದ ಹಾಗೆ.

ಜನ, ಊಟ, ಬೀದಿ

ಲೆನ್ಸ್ ಪಕ್ಕದಲ್ಲಿರುವ ಫೋಕಸ್ ಲಿಮಿಟ್ ಗುಂಡಿಯನ್ನು ‘∞–0.2 ಮೀ’ ಕಡೆ ಸರಿಸಿ. ಇಲ್ಲದಿದ್ದರೆ ಫೋಕಸ್ ಸಿಗದಾಗ ಲೆನ್ಸ್ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇರುತ್ತದೆ. ಅಷ್ಟರಲ್ಲಿ ಮಗು ನಕ್ಕು ಮುಗಿಸಿರುತ್ತದೆ. ಮುಖಗಳಿಗೆ ಎಫ್/2.8ರಿಂದ 4, ಊಟಕ್ಕೆ ಎಫ್/5.6 ಇಡಿ. ಈ ಲೆನ್ಸ್‌ನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಶಟರ್ ಸ್ಪೀಡ್ 1/125 ಸೆಕೆಂಡಿಗಿಂತ ನಿಧಾನವಾಗದಿರಲಿ, ಬೇಕಾದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ.

ಕರಿಬೇವಿನ ಗಿಡದ ಮುಂದೆ

ಹತ್ತಿರದ ಫೋಟೊ ಕಲಿಯಲು ಕುಂಡದ ಕರಿಬೇವಿಗಿಂತ ಒಳ್ಳೆಯ ಜಾಗವಿಲ್ಲ. ನಿಂಬೆ, ಕರಿಬೇವಿನ ಗಿಡಗಳಲ್ಲಿ ಮೊಟ್ಟೆ ಇಡುವ ಚಿಟ್ಟೆಗಳಿವೆ. ಎಳೆಯ ಹುಳು ಥೇಟ್ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ. ಬೆಳೆದ ಮೇಲೆ ಎಲೆಯದೇ ಹಸಿರು. ಬೆಳಗ್ಗೆ ಗಾಳಿ ಏಳುವ ಮುನ್ನ ಹೋಗಿ.

ಲಿಮಿಟ್ ಗುಂಡಿಯನ್ನು ‘ಫುಲ್’ ಕಡೆ, ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿ. ಅಪರ್ಚರ್ ಎಫ್/8 ಇರಲಿ. ಅಷ್ಟಿದ್ದರೂ 1:1ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿಲಿಮೀಟರ್ ಆಸುಪಾಸು. ಜಾಸ್ತಿ ಆಳ ಬೇಕೆಂದು ಎಫ್/22ಕ್ಕೆ ಹೋದರೆ ಇಡೀ ಫೋಟೊ ಮಂಕಾಗುತ್ತದೆ. ಎಫ್/11 ದಾಟಬೇಡಿ. ಆಳ ಹೆಚ್ಚಿಸುವ ಬದಲು ಕೋನ ಬದಲಿಸಿ. ಹುಳುವಿನ ಮೈಗೆ ಸೆನ್ಸರ್ ಸಮಾನಾಂತರವಾಗಿ ನಿಲ್ಲುವಂತೆ ಪಕ್ಕದಿಂದ ತೆಗೆದರೆ ತಲೆಯಿಂದ ಬಾಲದವರೆಗೆ ಹೆಚ್ಚು ಭಾಗ ಸ್ಪಷ್ಟವಾಗಿ ಸಿಗುತ್ತದೆ.

ಮೊಣಕೈಗಳನ್ನು ಮಂಡಿಗೋ ಕುಂಡದ ಅಂಚಿಗೋ ಊರಿ. ರಿಂಗ್ ಮುಟ್ಟಬೇಡಿ. ಮೈಯನ್ನೇ ಕೂದಲೆಳೆಯಷ್ಟು ಮುಂದೆ ಬಾಗಿಸುತ್ತಾ ಐದಾರು ಫೋಟೊ ಒಟ್ಟಿಗೆ ಕ್ಲಿಕ್ಕಿಸಿ. ಒಂದಾದರೂ ಸರಿಯಾಗಿ ಬರುತ್ತದೆ. ಹಸಿರು ಹುಳುವಿನ ಮೈಮೇಲೆ ದೊಡ್ಡ ಕಣ್ಣಿನಂತೆ ಕಾಣುವುದು ಬರೀ ಗುರುತು. ನಿಜವಾದ ತಲೆ ಅದಕ್ಕಿಂತ ಮುಂದೆ, ಕೆಳಗೆ ಅಡಗಿರುತ್ತದೆ. ಫೋಕಸ್ ಅಲ್ಲಿರಲಿ. ಮುಟ್ಟಿದರೆ ಹುಳು ಕವಲೊಡೆದ ಕೊಂಬಿನಂಥದ್ದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಅದು ಹೆದರಿದ ಗುರುತು. ಫೋಟೊಗಾಗಿ ದಯವಿಟ್ಟು ಹಾಗೆ ಮಾಡಬೇಡಿ.

ಬೆಳಕಿಗೆ ಫ್ಲ್ಯಾಶ್ ಬೇಕಿಲ್ಲ. ಬಿಸಿಲಿನ ಎದುರು ಬದಿಯಲ್ಲಿ ಒಂದು ಬಿಳಿ ಥರ್ಮಾಕೋಲ್ ತುಂಡು ಹಿಡಿದರೆ ನೆರಳು ತಿಳಿಯಾಗುತ್ತದೆ. ಕಸೂತಿಗೆ ಮಾತ್ರ ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಥರ್ಮಾಕೋಲ್ ಬೇಡ. ಒಂದೊಂದು ಹೊಲಿಗೆಯ ನೆರಳು ಬಿದ್ದರೇನೇ ದಾರದ ಉಬ್ಬು ಕಾಣುವುದು.

ಅಜ್ಜನ ಕಾಲದ ನೆಗೆಟಿವ್

ಮ್ಯಾಕ್ರೊ ಲೆನ್ಸ್‌ನಿಂದ ಮನೆಗೆ ಆಗುವ ದೊಡ್ಡ ಉಪಕಾರ ಇದು. 35 ಎಂಎಂ ನೆಗೆಟಿವ್‌ನ ಒಂದು ಚೌಕಟ್ಟು 36×24 ಮಿ.ಮೀ., ಹಾಗಾಗಿ ಫ್ರೇಮ್ ಪೂರ್ತಿ ತುಂಬಿಸಬಹುದು. ಟ್ಯಾಬ್ಲೆಟ್ ಪರದೆಯನ್ನು ಪೂರ್ತಿ ಬಿಳಿ ಮಾಡಿ. ಎರಡೂ ಕಡೆ ಪುಸ್ತಕ ಇಟ್ಟು, ಅವುಗಳ ಮೇಲೆ ಸ್ವಚ್ಛ ಗಾಜು ಇಡಿ. ಗಾಜಿನ ಮೇಲೆ ನೆಗೆಟಿವ್ ಇರಲಿ. ಪರದೆಗಿಂತ ಕೆಲವು ಸೆಂಟಿಮೀಟರ್ ಮೇಲಿದ್ದರೆ ಪರದೆಯ ಚುಕ್ಕಿಗಳು ಫೋಟೊದಲ್ಲಿ ಮೂಡುವುದಿಲ್ಲ. ಹೊಳೆಯುವ ಬದಿ ಮೇಲೆ ಬರಲಿ, ಆಗ ಎಡಬಲ ಅದಲುಬದಲಾಗುವುದಿಲ್ಲ. ಕೋಣೆಯ ದೀಪ ಆರಿಸಿ. ಟ್ರೈಪಾಡ್, ಎಫ್/8, 2 ಸೆಕೆಂಡ್ ಟೈಮರ್. ಕಪ್ಪು-ಬಿಳುಪಿನದಾದರೆ ಫೋಟೊ ಆ್ಯಪ್‌ನಲ್ಲಿ ಬಣ್ಣ ತಿರುಗುಮುರುಗು ಮಾಡಿದರೆ ಸಾಕು. ಕಲರ್ ನೆಗೆಟಿವ್‌ನಲ್ಲಿ ಕಿತ್ತಳೆ ಛಾಯೆ ಇರುವುದರಿಂದ ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು, ಕಂಪ್ಯೂಟರ್‌ನಲ್ಲಿ ನಿಧಾನವಾಗಿ ಬಣ್ಣ ಸರಿಪಡಿಸಿಕೊಳ್ಳಿ.